ಸಾರುವವನಿಲ್ಲದ ಕಟ್ಟಳೆ

ದೆಹಲಿ
2 ಫೆಬ್ರವರಿ 1989

ಪ್ರೀತಿಯ ತಂಗಿ ಪಚ್ಚೆಗೆ,

ಸುಖವಾಗಿ ತಲುಪಿದೆ. ಭೋಗಿಯ ಬೆಂಕಿಯ ಹೊಗೆ ವಾಸನೆ ಇನ್ನೂ ನನ್ನ ಸ್ವೆಟರಿನಲ್ಲಿದೆ. ಬೇಕೆಂದೇ ಒಗೆಯಲು ಹಾಕಿಲ್ಲ. ಹಳೆಯ ಚಾಪೆ, ಸವೆದ ಪೊರಕೆ ಸುಡುವ ದಿನ ನಮ್ಮ ಕೇರಿ ಹನ್ನೊಂದು ತಮಟೆ ಸುಟ್ಟಿತು! ಇನ್ನು ಮೇಲೆ ಊರಿನವರ ಹೆಣದ ಮುಂದೆ ಬಡಿಯುವುದಿಲ್ಲ, ತಮಟೆಯನ್ನೇ ಮುಟ್ಟುವುದಿಲ್ಲ ಎಂದು ಮಾರಿಯಮ್ಮನ ಎದುರು ಕರ್ಪೂರ ಹಚ್ಚಿ ಆಣೆ ಇಟ್ಟಿತು. ಅಪ್ಪ ತನ್ನದನ್ನು ತಾನೇ ತಂದು ಬೆಂಕಿಗೆ ಹಾಕಿದಾಗ ನನಗೆ ಅಳು ತಡೆಯಲಾಗಲಿಲ್ಲ. ಇಡೀ ವೆಳ್ಳೆತಾಂಗಲಿನಲ್ಲಿ ಅವನ ಹಾಗೆ ಬಡಿಯುವವನು ಇನ್ನೊಬ್ಬನಿಲ್ಲ, ಅದು ನನಗೂ ಗೊತ್ತು. ಆದರೂ ಸುಡಲೇಬೇಕಿತ್ತು.

ಯಾಕೆಂದು ಹೇಳುತ್ತೇನೆ. ಕಾಲೇಜಿನಲ್ಲಿ ನಾನು ಕಲಿಸುವ ಇಂಗ್ಲಿಷಿನಲ್ಲಿ ಒಂದು ಪದವಿದೆ, ಪರಾಯಾ (pariah) ಅಂತ. ಯಾರೂ ಸೇರಿಸದವನು, ಹತ್ತಿರ ಬಿಟ್ಟುಕೊಳ್ಳಬಾರದವನು ಎಂದು ಅರ್ಥ. ನಿಘಂಟು ತೆರೆದರೆ ಅದರ ಮೂಲ ಎಲ್ಲಿಯದೆಂದು ಬರೆದಿದ್ದಾರೆ ಗೊತ್ತಾ? ನಾವೇ. ಪರೆ ಎಂದರೆ ನಮ್ಮ ತಮಟೆ, ಪರೆ ಬಡಿಯುವವನು ಪರೆಯ; ಆ ಹೆಸರನ್ನು ಬಿಳಿಯರು ಹಡಗಿನಲ್ಲಿ ಹೊತ್ತುಕೊಂಡು ಹೋಗಿ ಸುಮಾರು ಮುನ್ನೂರೈವತ್ತು ವರ್ಷವಾಯಿತು. ಬೇರೆ ದೇಶಗಳು ವ್ಯಾಪಾರ ನಿಲ್ಲಿಸಿದ ದೇಶಕ್ಕೆ ಪತ್ರಿಕೆಯವರು ನಮ್ಮ ಹೆಸರಿಡುತ್ತಾರೆ. ಬೀದಿನಾಯಿಗೂ ನಮ್ಮ ಹೆಸರೇ, ಹದ್ದಿಗೂ ನಮ್ಮ ಹೆಸರೇ. ತಮಟೆ ಇರುವವರೆಗೆ ಈ ಹೆಸರು ಸಾಯುವುದಿಲ್ಲ, ಪಚ್ಚೆ.

ಇದರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಲೇಖನ ಬರೆಯುತ್ತಿದ್ದೇನೆ. ತಮಟೆ ಬಿಟ್ಟ ಮೇಲೆ ಅಪ್ಪನಿಗೆ ಏನನ್ನಿಸುತ್ತದೆ ಎಂದು ಕೇಳಿ, ಅವನ ಮಾತಿನಲ್ಲೇ ಬರೆದು ಕಳಿಸು.

ನಿನ್ನ ಅಣ್ಣ
ಎಟ್ಟಿಯಪ್ಪನ್


ವೆಳ್ಳೆತಾಂಗಲ್ ಕೇರಿ
20 ಫೆಬ್ರವರಿ 1989

ಅಣ್ಣನಿಗೆ ಪಚ್ಚೆಯಮ್ಮ ಮಾಡುವ ನಮಸ್ಕಾರ.

ನಿನ್ನ ಕಾಗದ ಬಂತು. ಎಂದಿನಂತೆ ಹುಣಿಸೆಮರದ ಕೆಳಗೆ ಕೂತು ಅಪ್ಪನಿಗೆ ಗಟ್ಟಿಯಾಗಿ ಓದಿದೆ. ಒಂದು ಸಾಲು ಬಿಟ್ಟರೂ ಅವನಿಗೆ ಗೊತ್ತಾಗುತ್ತದೆ, ನನ್ನ ಮುಖ ನೋಡಿಯೇ ಹಿಡಿಯುತ್ತಾನೆ. ಇಂಗ್ಲಿಷಿನ ವಿಷಯ ಬಂದಾಗ ಎಲೆಯಡಿಕೆ ಉಗುಳಿ ಬಂದ.

"ಬಿಳಿ ದೊರೆಸಾನಿ ಮನೇಲಿ ಅತ್ತೆ ಸೊಸೇನ ಊಟಕ್ಕೆ ಕರೀದಿದ್ರೆ ಆ ಸೊಸೆ ನಮ್ಮೋಳಾ?" ಅಂದ.

"ಹಂಗೇ ಅಂತೆ ಅಪ್ಪಾ."

"ಸರಿಹೋಯ್ತು. ಹಂಗಾರೆ ನಮ್ ಜನ ಭಾಳ ಬೆಳೆದೈತೆ ಬಿಡು. ಹದ್ದಿಗೂ ನಮ್ ಹೆಸರೇ ಅಂದ್ಯಾ? ಹದ್ದು ಯಾರ ಮನೆ ಹಿತ್ಲಲ್ಲೂ ನಿಂತು ಕೂಳು ಕೇಳಲ್ಲ ಕಣವ್ವ. ಅದು ಇರ್ಲಿ. ನಾಯಿದು ಬ್ಯಾಡ, ವಾಪಸ್ ತಗೊಳ್ಳಿ ಅಂತ ಬರಿ ನಿಮ್ಮಣ್ಣಂಗೆ."

ತಮಟೆ ಬಿಟ್ಟ ಮೇಲೆ ಏನನ್ನಿಸುತ್ತದೆ ಎಂದು ಕೇಳಿದ್ದಕ್ಕೆ, "ಬೆನ್ನು ಹಗುರ ಆಗೈತೆ, ಕೈ ಭಾರ ಆಗೈತೆ" ಎಂದಷ್ಟೇ ಹೇಳಿ ಎದ್ದು ಹೋದ. ಬೇಕಾದರೆ ಬರೆದುಕೋ.

ಈಗ ನನ್ನ ಮಾತು. ಮೂರು ದಿನಕ್ಕೆ ಬಂದೆ, ಬೆಂಕಿ ಹಚ್ಚಿದೆ, ರೈಲು ಹತ್ತಿದೆ. ಊರಿನ ಯಜಮಾನ ನಾಟ್ಟಾಮೆಯ ತಾಯಿ ಹಾಸಿಗೆ ಹಿಡಿದು ಆರು ತಿಂಗಳಾಯಿತು. ಅವಳು ಸತ್ತ ದಿನ ಆ ದೊಡ್ಡಮನೆಯವರು ಕೇರಿಗೆ ಆಳು ಕಳಿಸುತ್ತಾರೆ. ಆಗ "ಬರೋದಿಲ್ಲ" ಎಂದು ಅವರ ಮುಖಕ್ಕೆ ಹೇಳುವವರು ಯಾರು, ನಿನ್ನ ನಿಘಂಟಾ? ನಾನು ಆಣೆಗೆ ವಿರೋಧಿಯಲ್ಲ, ಎಲ್ಲರಿಗಿಂತ ಮೊದಲು ಕರ್ಪೂರ ಮುಟ್ಟಿದವಳು ನಾನೇ. ಆದರೆ ತಮಟೆ ಬಡಿಯುತ್ತೇವೆಂದು ಅವರು ನಮ್ಮನ್ನು ದೂರ ಇಟ್ಟರು ಅಂದೆಯಲ್ಲ, ಅದು ಸುಳ್ಳು. ನಾನು ಯಾವ ತಮಟೆ ಬಡಿದಿದ್ದೆ ಅಂತ ನನ್ನನ್ನು ಐದನೇ ಕ್ಲಾಸಿನಲ್ಲಿ ಬಾಗಿಲ ಹೊರಗೆ ಕೂರಿಸಿದ್ದರು? ಅವರಿಗೆ ನೆಪ ಬೇಕು, ಅಷ್ಟೇ.

ಚಳಿಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೋ.

ಪಚ್ಚೆ


ದೆಹಲಿ
11 ಮಾರ್ಚ್ 1989

ಪಚ್ಚೆ,

ನಿನ್ನ ಕಾಗದ ಓದಿ ಬೇಸರವಾಯಿತು. ಬೆಂಕಿ ಹಚ್ಚಿ ಓಡಿಹೋದವನು ಎನ್ನುವ ಹಾಗೆ ಬರೆದಿದ್ದೀಯ. ನಾನು ಇಲ್ಲಿ ಕೂತು ಆಡುತ್ತಿರುವುದೂ ಅದೇ ಜಗಳ. ವಿದೇಶದ ಒಂದು ನಿಘಂಟಿನವರಿಗೆ ನಾಲ್ಕು ಪುಟದ ಪತ್ರ ಬರೆದೆ, ಒಂದು ಜನಾಂಗದ ಹೆಸರನ್ನು ಬೈಗುಳವಾಗಿ ಹೇಗೆ ಇಟ್ಟುಕೊಂಡಿದ್ದೀರಿ ಅಂತ. ಅವರು ತುಂಬಾ ವಿನಯದಿಂದ ಎರಡು ಸಾಲು ಬರೆದಿದ್ದಾರೆ. ಜನ ಬಳಸುವುದನ್ನು ದಾಖಲಿಸುವುದಷ್ಟೇ ತಮ್ಮ ಕೆಲಸವಂತೆ. ಆ ವಿನಯ ನೋಡಿ ಮೈ ಉರಿದುಹೋಯಿತು. ನಾಟ್ಟಾಮೆಯಾದರೂ ಎದುರು ನಿಂತು ಬೈಯುತ್ತಾನೆ.

ದೊಡ್ಡಮನೆಯಿಂದ ಆಳು ಬಂದರೆ ಹೆದರಬೇಡಿ. ಕಾನೂನು ನಮ್ಮ ಕಡೆಗಿದೆ. ಏನಾದರೂ ಆದರೆ ತಕ್ಷಣ ಬರೆ, ನಾನು ಹೊರಟು ಬರುತ್ತೇನೆ.

ಅಣ್ಣ


ವೆಳ್ಳೆತಾಂಗಲ್ ಕೇರಿ
30 ಮಾರ್ಚ್ 1989

ಅಣ್ಣನಿಗೆ,

ಮುದುಕಿ ಹೋದ ಭಾನುವಾರ ಸತ್ತಳು. ಕೇರಿಯಿಂದ ಯಾರೂ ಹೋಗಲಿಲ್ಲ. ಅವರು ಪಟ್ಟಣದಿಂದ ಕೆಂಪು ಕೋಟಿನ ಬ್ಯಾಂಡಿನವರನ್ನು ತರಿಸಿದರು. ಬ್ಯಾಂಡಿನವರು ಸ್ಮಶಾನದವರೆಗೂ ಮದುವೆ ಹಾಡು ಊದಿಕೊಂಡು ಹೋದರು.

ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನೂ ಚೆನ್ನಾಗಿದ್ದಾನೆ. ಇನ್ನು ಮೇಲೆ ಕಾಗದವನ್ನು ಊರಿನ ಅಂಗಡಿಯ ವಿಳಾಸಕ್ಕೆ ಹಾಕಬೇಡ. ನಾನು ಕೆಲಸ ಮಾಡುವ ಬಾಲವಾಡಿಯ ಮೇಲ್ವಿಚಾರಕಿ ಅಮ್ಮ ಪಟ್ಟಣದಲ್ಲಿದ್ದಾರೆ, ಅವರ ವಿಳಾಸಕ್ಕೆ ಹಾಕು, ಮೀಟಿಂಗಿಗೆ ಹೋದಾಗ ತರುತ್ತೇನೆ. ಹಿಟ್ಟು ಬೀಸುವ ಕೆಲಸವಿದೆ, ಜಾಸ್ತಿ ಬರೆಯಲು ಹೊತ್ತಿಲ್ಲ.

ಪಚ್ಚೆ


ದೆಹಲಿ
2 ಮೇ 1989

ಪಚ್ಚೆ,

ಗೆದ್ದಿರಿ! ಮದುವೆ ಹಾಡಿನ ಬ್ಯಾಂಡಿನ ಸುದ್ದಿ ಓದಿ ಕೋಣೆಯಲ್ಲಿ ಒಬ್ಬನೇ ಬಿದ್ದು ಬಿದ್ದು ನಕ್ಕೆ. ಅದನ್ನೇ ಲೇಖನದ ಕೊನೆಗೆ ಹಾಕಿದ್ದೇನೆ. ಮುಂದಿನ ತಿಂಗಳು ಅಚ್ಚಾಗುತ್ತದೆ. ಅಪ್ಪನ ಒಂದು ಫೋಟೊ ಬೇಕು, ಬರಿಗೈಯಲ್ಲಿ ನಿಂತಿರುವುದು. ತಮಟೆ ಇಲ್ಲದ ಆ ಎರಡು ಕೈ ಕಾಣಬೇಕು.

ಒಂದು ತಿಂಗಳಿಂದ ಎರಡು ಕಾಗದ ಹಾಕಿದೆ, ನಿನ್ನಿಂದ ಉತ್ತರವಿಲ್ಲ. ಆ ಅರ್ಧ ಹಾಳೆಯ ಕಾಗದವೂ ಮುನಿಸಿಕೊಂಡು ಬರೆದ ಹಾಗಿತ್ತು. ಬೀಸುವ ಕೆಲಸವಂತೆ! ಊರಿನಲ್ಲಿ ಹಿಟ್ಟಿನ ಗಿರಣಿ ಇಲ್ಲವಾ? ನಾನು ಮೊದಲು ಬರೆದದ್ದಕ್ಕೆ ಇನ್ನೂ ಕೋಪವಾ? ಚಿಕ್ಕವಳಿದ್ದಾಗಿನಿಂದಲೂ ನೀನು ಹೀಗೇ, ಮೂತಿ ಊದಿಸಿದರೆ ಇಳಿಸುವುದೇ ಇಲ್ಲ.

ಅಣ್ಣ


ದೆಹಲಿ
19 ಮೇ 1989

ಪಚ್ಚೆಯಮ್ಮನಿಗೆ,

ಈ ಕಾಗದವನ್ನು ಅಪ್ಪನಿಗೆ ಓದಿ ಹೇಳು. ಒಂದು ಅಕ್ಷರವನ್ನೂ ಬಿಡಬೇಡ.

ರೈಲ್ವೆಯಲ್ಲಿರುವ ನಮ್ಮ ಅತ್ತೆಯ ಮಗ ಚಿನ್ನರಾಸು ರಜೆ ಮುಗಿಸಿಕೊಂಡು ನಿನ್ನೆ ದೆಹಲಿಗೆ ಬಂದ. ಊರಿಂದ ಏನು ತಂದೆಯೋ ಎಂದು ಕೇಳಿದರೆ ತಲೆ ತಗ್ಗಿಸಿದ. ಹನ್ನೆರಡನೇ ತಾರೀಖು ಶುಕ್ರವಾರ ಬೆಳಿಗ್ಗೆ ತನ್ನ ಊರಿಂದ ಪಟ್ಟಣಕ್ಕೆ ಹೊರಟು ಅವನು ಕೂತ ಬಸ್ಸು ನಮ್ಮ ಊರಿನ ನಡುವೆ ಹಾದು ಹೋಗುವಾಗ ಕಿಟಕಿಯಿಂದ ನೋಡಿದನಂತೆ. ನಾಟ್ಟಾಮೆಯ ಮನೆ ಮುಂದೆ, ಊರಿನವರೆಲ್ಲ ಸುತ್ತ ನಿಂತಿದ್ದರಂತೆ, ನಡುವೆ ನಮ್ಮ ಅಪ್ಪ, ಮಣ್ಣಾಂಗಟ್ಟಿ. ಹೆಗಲಿಗೆ ತಮಟೆ. ಬಡಿಯುತ್ತಿದ್ದನಂತೆ! "ಮಾಮಾ ಭಾಳ ಚೆನ್ನಾಗಿ ಬಡೀತಿದ್ರು ಕಣೋ" ಎಂದು ಬೇರೆ ಹೇಳಿದ.

ಆ ತಮಟೆ ಎಲ್ಲಿಂದ ಬಂತು? ಹಾಗಾದರೆ ಭೋಗಿಯ ದಿನ ಬೆಂಕಿಗೆ ಹಾಕಿದ್ದು ಯಾವುದನ್ನು? ಒಡಕು ತಮಟೆ ಸುಟ್ಟು ನನ್ನ ಕಣ್ಣಿಗೆ ಮಣ್ಣೆರಚಿದೆಯಾ ಅಪ್ಪಾ? ನಾನು ಅತ್ತೆನಲ್ಲ, ನಿನಗೆ ನಗು ಬಂದಿರಬೇಕು. ಯಾರ ಹೆಣಕ್ಕೆ ಬಡಿದೆ? ಏನು ಹಾಕಿದರು, ಹಿತ್ತಲಲ್ಲಿ ಒಂದು ತಟ್ಟೆ ಅನ್ನವಾ? ಇಡೀ ಕೇರಿ ಹಲ್ಲು ಕಚ್ಚಿ ನಿಂತಿರುವಾಗ ನೀನೊಬ್ಬನೇ ಬಾಲ ಅಲ್ಲಾಡಿಸಿಕೊಂಡು ಹೋದೆ.

ಇಂಗ್ಲಿಷಿನವರು ಸರಿಯಾಗಿಯೇ ಬರೆದಿದ್ದಾರೆ. ನಾಯಿಗೆ ನಿನ್ನ ಹೆಸರಿಟ್ಟದ್ದರಲ್ಲಿ ತಪ್ಪೇನೂ ಇಲ್ಲ. ನೀನು ಹುಟ್ಟಾ ಪರೆಯ, ಸಾಯುವವರೆಗೂ ಪರೆಯ. ಲೇಖನವನ್ನು ವಾಪಸ್ ತರಿಸಿಕೊಂಡು ಹರಿದುಹಾಕಿದೆ. ನನಗೆ ಅಪ್ಪ ಇಲ್ಲ.

ಎಟ್ಟಿಯಪ್ಪನ್


ತಾಲ್ಲೂಕು ಆಸ್ಪತ್ರೆ
14 ಜೂನ್ 1989

ಎಟ್ಟಿಯಪ್ಪನ್ ಅವರಿಗೆ,

ನೀವು ಹೇಳಿದ ಹಾಗೆ ಓದಿದೆ. ಒಂದಕ್ಷರವನ್ನೂ ಬಿಡಲಿಲ್ಲ. ಎಲ್ಲಿ ಓದಿದೆ ಗೊತ್ತಾ? ಮೇಲೆ ಬರೆದಿದ್ದೇನೆ ನೋಡಿ. ಗಂಡಸರ ವಾರ್ಡು, ಎಂಟನೇ ಮಂಚ. ಮೇಲ್ವಿಚಾರಕಿ ಅಮ್ಮ ಕಾಗದವನ್ನು ಅಲ್ಲಿಗೇ ತಂದುಕೊಟ್ಟರು. ಮಗನ ಕಾಗದ ಅಂದ ಕೂಡಲೇ ಅಪ್ಪ ಎದ್ದು ಕೂತ. ನಾನು ಒಳಗೆ ಏನಿದೆ ನೋಡದೆ ಗಟ್ಟಿಯಾಗಿ ಶುರುಮಾಡಿದೆ. ಅಕ್ಕಪಕ್ಕದ ಮಂಚದವರೂ ಕಿವಿಗೊಟ್ಟರು. "ಬಾಲ ಅಲ್ಲಾಡಿಸಿಕೊಂಡು" ಎಂಬಲ್ಲಿಗೆ ಬಂದಾಗ ಓದು ನಿಲ್ಲಿಸಿಬಿಟ್ಟೆ. ಅಪ್ಪ ಬಿಡಲಿಲ್ಲ. "ಓದು. ಬರ್ದೋನಿಗೆ ಇಲ್ದಿದ್ ನಾಚ್ಕೆ ಓದೋಳಿಗ್ಯಾಕೆ? ಓದವ್ವ" ಅಂದ. ಕೊನೆಯ ಸಾಲಿನವರೆಗೂ ಓದಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ. ಅಷ್ಟು ದೊಡ್ಡ ಓದು ಓದಿದ ಕೈ ಬರೆದದ್ದು ಅದು. ಆ ಕೈಗೆ ಹುಳ ಬೀಳಲಿ ಎಂದು ನಾನು ಅವತ್ತು ಬಾಯಿ ಬಿಟ್ಟು ಶಪಿಸಿದೆ. ಈಗಲೂ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ.

ಇನ್ನು ನಡೆದದ್ದು ಕೇಳು. ನೀವು ತಾವು ಅನ್ನುವುದಕ್ಕೂ ಕೈ ಬರುತ್ತಿಲ್ಲ.

ಮುದುಕಿ ಸತ್ತ ಮೂರನೇ ದಿನಕ್ಕೆ ಊರಿನವರು ಕೇರಿಯನ್ನು ಹೊರಗೆ ಹಾಕಿದರು. ಗದ್ದೆ ಕೆಲಸಕ್ಕೆ ಬರಬೇಡಿ ಅಂದರು. ಅಂಗಡಿಯಲ್ಲಿ ಉಪ್ಪಿಲ್ಲ, ಸೀಮೆಎಣ್ಣೆ ಇಲ್ಲ. ನಲ್ಲಿಯ ಕಡೆ ಹೋಗುವ ದಾರಿಗೆ ಮುಳ್ಳು ಹಾಕಿದರು. ಗಿರಣಿಯವನು ನಮ್ಮ ರಾಗಿ ಬೀಸುವುದಿಲ್ಲ ಅಂದ. ಅದಕ್ಕೇ ನಾನು ಕಲ್ಲಿನಲ್ಲಿ ಬೀಸುತ್ತಿದ್ದದ್ದು. ಅದನ್ನು ನೀನು ಮೂತಿ ಊದಿಸಿದ್ದಾಳೆ ಎಂದು ಓದಿಕೊಂಡೆ. ಹೌದು, ನಾನು ಬರೆಯಲಿಲ್ಲ. ಅಪ್ಪ ಆಣೆ ಹಾಕಿಸಿದ್ದ. "ಅವ್ನು ರಜ ಹಾಕಿ ಓಡಿ ಬತ್ತಾನೆ. ಇಲ್ಲಿ ಅವ್ನ ಕಾಲು ಮುರೀತಾರೆ. ಚೆನ್ನಾಗಿದೀವಿ ಅಂತ ಬರಿ" ಅಂದ. ನಿನ್ನ ಕಾಲು ಉಳಿಸಲು ನಾನು ಸುಳ್ಳು ಬರೆದೆ.

ಆದರೆ ಅವರ ಕಟ್ಟಳೆ ಸರಿಯಾಗಿ ಬಿಗಿಯಲಿಲ್ಲ. ಕೆಲವು ಮನೆಯವರು ಹಿಂದಿನ ಬಾಗಿಲಿಂದ ಉಪ್ಪು ಕೊಟ್ಟರು, ಇಬ್ಬರು ನಾಟಿಗೆ ಕರೆದರು. ನಾಟ್ಟಾಮೆ ದಂಡ ಹಾಕುತ್ತೇನೆ ಎಂದು ಹಾರಾಡಿದರೆ, "ಎಲ್ಲಿ ಸಾರ್ಸಿದ್ರಿ? ನಮ್ ಕಿವಿಗೆ ಬಿದ್ದಿಲ್ವಲ್ಲ" ಎಂದರು. ನಿನಗೆ ಇದಾದರೂ ನೆನಪಿರಬೇಕು: ತಮಟೆ ಬಡಿದು ಊರಿನ ಮೂಲೆಗಳಲ್ಲಿ ಸಾರುವವರೆಗೆ ಯಾವ ಕಟ್ಟಳೆಯೂ ಕಟ್ಟಳೆಯಲ್ಲ. ಸಾರುವವನು ಆ ಊರಿನ ಪರೆಯನೇ ಆಗಬೇಕು. ಪಕ್ಕದ ಊರಿನವರನ್ನು ಕರೆದರು, "ನಿಮ್ಮೂರಲ್ಲಿ ಸಾರೋಕೆ ನಮ್ಗೆ ಬಾಧ್ಯತೆ ಇಲ್ಲ" ಎಂದು ಅವರು ಹೋಗಿಬಿಟ್ಟರು. ನಮ್ಮನ್ನು ಹೊರಗೆ ಹಾಕಬೇಕಾದರೂ ಅವರಿಗೆ ನಮ್ಮ ತಮಟೆಯೇ ಬೇಕು! ಇಂಥ ನಾಚಿಕೆಗೆಟ್ಟ ಜನವನ್ನು ನಿನ್ನ ಯಾವ ನಿಘಂಟಿನಲ್ಲಿ ನೋಡಿದ್ದೀಯ?

ಮೇ ಹನ್ನೊಂದನೇ ತಾರೀಖು ನಾಟ್ಟಾಮೆಯ ತಮ್ಮ ಇಬ್ಬರು ಆಳುಗಳೊಂದಿಗೆ ಬಂದ. ಕೇರಿಯೊಳಗೆ ಕಾಲಿಡದೆ ಹುಣಿಸೆಮರದ ಆಚೆ ನಿಂತ.

"ಲೇ ಮಣ್ಣಾಂಗಟ್ಟಿ, ನಾಳೆ ಬಂದು ಸಾರಿ ಹೋಗು. ನಿನ್ ಮನೆಗೊಂದಕ್ಕೆ ನಲ್ಲಿ ಬಿಡ್ತೀವಿ."

ಅಪ್ಪ ಹೆಗಲ ಮೇಲಿನ ಟವೆಲ್ ಇಳಿಸಿ, "ಆಗ್ಲಿ ಸಾಮಿ, ಬತ್ತೀನಿ" ಅಂದ.

ನಾನು ಅವನ ಮೈಮೇಲೆ ಬಿದ್ದೆ. ಕೇರಿಯವರು ಬಾಗಿಲಿಗೆ ಬಂದು ಉಗಿದರು. ಅಟ್ಟದಿಂದ ಗೋಣಿಚೀಲ ಇಳಿಸಿದ. ಒಳಗಿದ್ದದ್ದು ಅವನ ಒಳ್ಳೆಯ ತಮಟೆ. ನೀನು ಬರೆದದ್ದು ಅದೊಂದು ನಿಜ, ಬೆಂಕಿಗೆ ಹಾಕಿದ್ದು ಒಡಕು. ಆ ತಮಟೆ ನೋಡಿದ ಕೂಡಲೇ ನನ್ನ ಬಾಯಲ್ಲೂ ಬಂತು. ನೀನು ಸಾವಿರ ಮೈಲಿ ದೂರದಿಂದ ಬರೆದ ಮಾತನ್ನೇ ನಾನು ಎದುರು ನಿಂತು ಅಂದೆ. ತಮಟೆಯ ಧೂಳು ಒರೆಸುತ್ತಾ ಕೇಳಿಸಿಕೊಂಡ. ಅದಕ್ಕೇ ನಿನ್ನ ಮೇಲೆ ಇಷ್ಟು ಕೋಪ ನನಗೆ, ತಿಳಿದುಕೋ. ಅರ್ಧ ನನ್ನ ಮೇಲಿನದೇ.

ಬೆಳಿಗ್ಗೆ ಸ್ನಾನ ಮಾಡಿ, ಹುಲ್ಲು ಹಚ್ಚಿ ತಮಟೆ ಕಾಯಿಸಿದ. ಚಪ್ಪಲಿ ಮೆಟ್ಟಿದ. ಊರೊಳಕ್ಕೆ ಹೋಗುವಾಗ ಚಪ್ಪಲಿ ಮೆಟ್ಟಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಆಗ ಏನೋ ಹೊಳೆದು ನಾನೂ ಹಿಂದೆ ಓಡಿದೆ. ನಾಟ್ಟಾಮೆಯ ಮನೆ ಮುಂದೆ ನಿಂತು ಬಡಿದ. ಅದು ಸಾವಿನ ಬಡಿತವಲ್ಲ, ಸಾರುವ ಬಡಿತ. ಎರಡೂ ಬೇರೆ ಎಂದು ಕೇರಿಯ ಮೂರು ವರ್ಷದ ಕೂಸಿಗೂ ಗೊತ್ತು. ಹೆಗಲಿಗೆ ತಮಟೆ ಎಂದು ಕೇಳಿದ ಕೂಡಲೇ ಹೆಣ ಎಂದು ಬರೆದೆಯಲ್ಲ. ಯಾವ ಬಡಿತ ಎಂದು ಚಿನ್ನರಾಸುವನ್ನು ಒಂದು ಮಾತು ಕೇಳಬೇಕು ಎಂದೂ ನಿನಗೆ ಹೊಳೆಯಲಿಲ್ಲ. ಮಣ್ಣಾಂಗಟ್ಟಿಯ ಮಗ ನೀನು! ಬಸ್ಸು ಹಾದು ಹೋದದ್ದು ಆಗಲೇ. ಅಪ್ಪ ಬಾಯಿ ತೆರೆಯುವ ಮೊದಲೇ ಚಿನ್ನರಾಸು ಹೋಗಿಬಿಟ್ಟಿದ್ದ.

ಅಪ್ಪ ಸಾರಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಕೇಳ್ರಪ್ಪೋ ಕೇಳ್ರಿ! ವೆಳ್ಳೆತಾಂಗಲ್ ಊರಿನೋರು, ಹಿರೀಕರು ಕಿರೀಕರು, ಹೆಂಗಸ್ರು ಮಕ್ಳು ಎಲ್ಲಾರೂ ಕೇಳ್ರಿ! ಇವತ್ತಿಂದ ಈ ಊರ್ನ ನಮ್ ಕೇರಿ ಹೊರಗೆ ಹಾಕೈತೆ! ನಿಮ್ ಸತ್ತ ದನ ನೀವೇ ಎಳ್ಕಳಿ. ನಿಮ್ ಹೆಣಕ್ಕೆ ಗುಂಡಿ ನೀವೇ ತೋಡ್ಕಳಿ. ಕೆರೆ ತೂಬು ನೀವೇ ಮುಳುಗಿ ಎತ್ಕಳಿ. ಹೆರಿಗೆಗೆ ನಮ್ ಹೆಂಗಸ್ರು ಬರಾಕಿಲ್ಲ. ನಮ್ಮೋರು ಯಾರೂ ಈ ಊರಿನೋರ ಕೈಲಿ ನೀರು ಕುಡಿಯಂಗಿಲ್ಲ. ಮೀರಿದೋರು ಮಾರಿಯಮ್ಮನ ಮುಂದೆ ತಪ್ಪು ಒಪ್ಕೋಬೇಕು! ಕೇಳ್ರಪ್ಪೋ ಕೇಳ್ರಿ!"

ಯಾರೂ ಅಲ್ಲಾಡಲಿಲ್ಲ ಅಣ್ಣ. ತಮಟೆಯವನು ಸಾರಿ ಮುಗಿಸುವವರೆಗೆ ಅಡ್ಡ ಹೋಗಬಾರದು ಎನ್ನುವುದು ಅವರ ರಕ್ತದಲ್ಲೇ ಇದೆ. ನಾಟ್ಟಾಮೆ ಕಟ್ಟೆಯ ಮೇಲೆ ಕೂತು, ಅಭ್ಯಾಸಬಲದಿಂದ ತಲೆದೂಗುತ್ತಾ ಕೇಳುತ್ತಿದ್ದ! ಅವನ ಹೆಂಡತಿ ಒಳಗಿನಿಂದ "ಅಯ್ಯೋ, ಅವ್ನು ಏನಂತಾವ್ನೆ ಕೇಳ್ರೀ" ಎಂದು ಕೂಗಿದ ಮೇಲೆ ಅವನಿಗೆ ಬುದ್ಧಿ ಬಂದದ್ದು. ಅಷ್ಟರಲ್ಲಿ ಅಪ್ಪ ಎರಡನೇ ಮೂಲೆಯಲ್ಲಿದ್ದ. ಅಲ್ಲಿಯೂ ಪೂರ್ತಿ ಸಾರಿದ. ಮೂರನೆಯದಕ್ಕೆ ಬಿಡಲಿಲ್ಲ.

ಹತ್ತು ಹನ್ನೆರಡು ಜನ ಅವನ ಮೇಲೆ ಬಿದ್ದರು. ತಮಟೆ ಹರಿದರು. ಬಲಗೈಯನ್ನು ಕಟ್ಟೆಯ ಕಲ್ಲಿನ ಮೇಲೆ ಇಡಿಸಿ ಇನ್ನೊಂದು ಕಲ್ಲಿನಿಂದ ಜಜ್ಜಿದರು. ನಾನು ಅಡ್ಡ ಬಿದ್ದದ್ದಕ್ಕೆ ನನ್ನ ಎರಡು ಹಲ್ಲು ಹೋದವು. ಬಾಗಿಲಿಗೆ ಬಂದು ಉಗಿದಿದ್ದರಲ್ಲ, ಆ ಕೇರಿಯವರೇ ಓಡಿಬಂದು ಅಪ್ಪನನ್ನು ಮಂಚದ ಮೇಲೆ ಹೊತ್ತು ಒಂಬತ್ತು ಮೈಲಿ ನಡೆದರು. ಪೊಲೀಸರಿಗೆ ದೂರು ಬರೆದುಕೊಟ್ಟಿದ್ದೇವೆ. ಅದು ಎಲ್ಲಿಗೆ ಹೋಗುತ್ತದೆ ಎಂದು ನಿನಗೂ ಗೊತ್ತು.

ಒಂದು ತಮಾಷೆ ಕೇಳು. ಅಪ್ಪ ಸಾರಿದ ಮೊದಲ ವಾರದಲ್ಲೇ ದೊಡ್ಡಮನೆಯ ಎತ್ತು ಸತ್ತಿತು. ಎಳೆಯುವವರಿಲ್ಲ. ಮೂರು ದಿನ ಕೊಟ್ಟಿಗೆಯಲ್ಲೇ ಊದಿಕೊಂಡಿತ್ತು. ಊರಿನ ಮುದುಕಿಯರು, "ಎರಡು ಮೂಲೇಲಿ ಸಾರಿ ಆಗೋಗೈತಲ್ಲಪ್ಪ, ಸಾರಿದ್ ಮಾತು ಸಾರಿದ್ದೇ. ಇನ್ನು ಅವ್ರು ಬರೋ ಹಂಗಿಲ್ಲ" ಅಂದರಂತೆ. ಕೊನೆಗೆ ನಾಟ್ಟಾಮೆಯ ತಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು ತಾನೇ ಎಳೆದ. ಈಗ ಗಿರಣಿಯವನು ರಾಗಿ ಬೀಸುತ್ತೇನೆ ಎಂದು ಹೇಳಿಕಳಿಸುತ್ತಿದ್ದಾನೆ. ಇಲ್ಲ ಅಂತಿರುವವರು ನಾವು. ನನಗೆ ಕೈಬೀಸುಕಲ್ಲೇ ಸಾಕು.

ಇದನ್ನೆಲ್ಲ ನಿನಗೆ ಬರೆಯಬೇಕೆಂದು ಎಷ್ಟು ಹಿಗ್ಗಿನಿಂದ ಕಾಯುತ್ತಿದ್ದ ಗೊತ್ತಾ? "ನೋವು ಕಮ್ಮಿ ಆಗ್ಲಿ, ನಾನೇ ಹೇಳ್ತೀನಿ, ಒಂದೊಂದ್ ಮಾತೂ ಬರಿ, ಇಂಗ್ಲೀಷ್ನಾಗೆ ಹಾಕ್ಲಿ" ಅನ್ನುತ್ತಿದ್ದ. ಅದಕ್ಕೆ ಮೊದಲೇ ನಿನ್ನ ಕಾಗದ ಬಂತು.

ಪಚ್ಚೆಯಮ್ಮ


ದೆಹಲಿ
24 ಜೂನ್ 1989

ಪಚ್ಚೆ,

ನಾಲ್ಕು ಸಲ ಬರೆದು ಹರಿದೆ. ಕ್ಷಮಿಸು ಎಂದು ಬರೆಯಲು ನನಗೆ ಮುಖವಿಲ್ಲ. ನಿನಗೆ ತಿಳಿಯದ ಒಂದು ವಿಷಯ ಹೇಳುತ್ತೇನೆ, ಓದಿ ಉಗಿ.

ನಮ್ಮ ಸ್ಟಾಫ್ ರೂಮಿನಲ್ಲಿ ಮಿಸೆಸ್ ಭಟ್ನಾಗರ್ ಎಂಬವರಿದ್ದಾರೆ, ಒಳ್ಳೆಯ ಹೆಂಗಸು. ಎರಡು ವರ್ಷದ ಹಿಂದೆ ಅವರು ಬೆಳ್ಳುಳ್ಳಿ ಉಪ್ಪಿನಕಾಯಿ ತಂದಾಗ ಎಲ್ಲರೂ ದೂರ ಕೂತರು. "ಇವತ್ತು ನಾನೇ ಇಲ್ಲಿಯ ಪರಾಯಾ" ಎಂದು ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಪಚ್ಚೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಅವತ್ತಿನಿಂದಲೇ ನಿಘಂಟು ತಿರುವಲು ಶುರುಮಾಡಿದ್ದು. ನಾಲ್ಕು ಪುಟದ ಪತ್ರವನ್ನು ಸಮುದ್ರದಾಚೆಗೆ ಬರೆದೆ, ಎದುರು ಕುರ್ಚಿಯವರಿಗೆ ಒಂದು ಮಾತು ಹೇಳಲು ಧೈರ್ಯ ಬರಲಿಲ್ಲ.

ಇನ್ನೂ ಇದೆ. ನಾನಿರುವ ಮನೆಯ ಮಾಲೀಕರು ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದಾಗ, ದೇವಸ್ಥಾನದಲ್ಲಿ ನಾದಸ್ವರ ಊದುತ್ತಾರೆ ಅಂದೆ. ಆರು ವರ್ಷದಿಂದ ಈ ಮನೆಯಲ್ಲಿ ನಾನು ನಾದಸ್ವರದವನ ಮಗ. ಕೇರಿಯ ತಮಟೆಗಳನ್ನೆಲ್ಲ ಸುಡಿಸಿದ್ದು ಯಾಕೆ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಕೇರಿಗಾಗಿಯೋ, ಈ ಬಾಡಿಗೆ ಮನೆಗಾಗಿಯೋ, ಗೊತ್ತಾಗುತ್ತಿಲ್ಲ.

ಈ ಕಾಗದವನ್ನೂ ಅಪ್ಪನಿಗೆ ಪೂರ್ತಿ ಓದು. ನಾನು ಬರಲಾ? ಅವನು ಬಾ ಎಂದರೆ ಅದೇ ದಿನ ಹೊರಡುತ್ತೇನೆ. ಒಂದು ಸಾಲು ಬರೆ.

ಎಟ್ಟಿಯಪ್ಪನ್


ವೆಳ್ಳೆತಾಂಗಲ್ ಕೇರಿ
8 ಜುಲೈ 1989

ಅಣ್ಣನಿಗೆ,

ಅಪ್ಪನನ್ನು ಮನೆಗೆ ಕರೆತಂದೆವು. ನಿನ್ನ ಕಾಗದ ಓದಿದೆ. ಉಪ್ಪಿನಕಾಯಿಯ ಹತ್ತಿರ ಏನೂ ಅನ್ನಲಿಲ್ಲ. ನಾದಸ್ವರದ ಹತ್ತಿರ ಮಾತ್ರ "ಇನ್ನೊಂದ್ಸಲ ಓದು" ಅಂದ. ಓದಿದೆ. "ಬರ್ಕೋ" ಅಂದ. ಅವನು ಹೇಳಿದಂತೆಯೇ ಬರೆಯುತ್ತಿದ್ದೇನೆ. ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿದುಕೊಂಡು ಹೇಳಿದ.

"ಕೇಳ್ರಪ್ಪೋ ಕೇಳ್ರಿ. ದೆಹಲಿಯಲ್ಲಿರೋ ಎಟ್ಟಿಯಪ್ಪನ್, ಮಣ್ಣಾಂಗಟ್ಟಿ ಮಗ. ಇವತ್ತಿಂದ ಅವ್ನನ್ನ ಈ ಮನೆ ಹೊರಗೆ ಹಾಕೈತೆ. ನನ್ನ ಪರೆಯ ಅಂದಿದ್ದಕ್ಕಲ್ಲ. ಅದು ನನ್ ಹೆಸರು, ಕರೀಲಿ. ಅಪ್ಪ ಇಲ್ಲ ಅಂದಿದ್ದಕ್ಕೆ. ಅಪ್ಪ ಇದ್ದಾಗ್ಲೂ ಇನ್ನೊಬ್ನ ಅಪ್ಪ ಅಂದಿದ್ದಕ್ಕೆ. ಅವ್ನ ಕಾಗದ ಈ ಮನೇಲಿ ಯಾರೂ ಓದಂಗಿಲ್ಲ. ಅವ್ನು ಬಂದ್ರೆ ಚಾಪೆ ಹಾಸಂಗಿಲ್ಲ, ನೀರು ಕೊಡಂಗಿಲ್ಲ. ಈ ಕಟ್ಟಳೆ ನನ್ ಬಲಗೈ ಕೂಡೋವರ್ಗೂ ನಡೀತದೆ. ಕೈ ಕೂಡಿದ್ ದಿನ ಹೊಸ ತಮಟೆ ಕಟ್ಟಿ, ಕೆರೆ ಏರಿ ಮೇಲೆ ನಿಂತು ನಾನೇ ಸಾರಿ ತೆಗೀತೀನಿ. ಆಮೇಲೆ ಬರ್ಲಿ. ಕೇಳ್ರಪ್ಪೋ ಕೇಳ್ರಿ."

ಹೇಳಿ ಮುಗಿಸಿ, "ಕೂಡೋಕೆ ಮೂರು ತಿಂಗ್ಳು ಸಾಕಲ್ವಾ? ದೀಪಾವಳಿಗೆ ಬರೋಕೆ ಆಯ್ತದಲ್ಲ ಅವ್ನಿಗೆ?" ಎಂದು ನನ್ನನ್ನು ಕೇಳಿದ. ದಿನಾ ಬೆಳಿಗ್ಗೆ ಕಟ್ಟು ಹಾಕಿದ ಕೈಯನ್ನು ಬಿಸಿಲಿಗೆ ಹಿಡಿದು ಕೂರುತ್ತಾನೆ.

ಇಲ್ಲಿಗೆ ಅಪ್ಪನ ಮಾತು ಮುಗಿಯಿತು. ಇದು ನನ್ನದು, ಅವನಿಗೆ ಗೊತ್ತಿಲ್ಲ.

ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರು ನನ್ನನ್ನು ಹೊರಗೆ ಕರೆದರು. ಮಣಿಕಟ್ಟಿನ ಮೂಳೆ ಪುಡಿಯಾಗಿದೆ, ಬೆರಳುಗಳಿಗೆ ಜೀವವಿಲ್ಲ, ಆ ಕೈ ಇನ್ನು ಒಂದು ಕಡ್ಡಿಯನ್ನೂ ಹಿಡಿಯುವುದಿಲ್ಲ ಅಂದರು. ನಾನು ಅಪ್ಪನಿಗೆ ಹೇಳಿಲ್ಲ. ಇಷ್ಟು ಸುಳ್ಳು ಹೇಳಿದವಳಿಗೆ ಈ ಒಂದು ನಿಜ ಹೇಳಲು ಬಾಯಿ ಬರುತ್ತಿಲ್ಲ.

ಚಾಪೆ ಹಾಸುವುದಿಲ್ಲ, ನೀರು ಕೊಡುವುದಿಲ್ಲ. ಕಟ್ಟಳೆ ಮೀರಿ ಬಾ. ಬಂದು ಅದನ್ನು ಅಪ್ಪನಿಗೆ ನೀನೇ ಹೇಳು.

ಪಚ್ಚೆ